ಇಪ್ಪತ್ತೆಂಟು ವೋಲ್ಟಿನ ವಾಟಣಿ

ಬಿಳೂರಿನ ಸಾತಪ್ಪ ದರ್ಜಿ ಹೊಲಿದ ಅಂಗಿ ತೊಟ್ಟವರನ್ನು ದೂರದಿಂದಲೇ ಗುರುತಿಸಬಹುದಿತ್ತು. ಒಂದು ತೋಳು ಮೊಣಕೈಗೆ ನಿಂತರೆ ಇನ್ನೊಂದು ಅದನ್ನು ದಾಟಿ ಮುಂದೆ ಹೋಗಿರುತ್ತಿತ್ತು. ಮೂವತ್ತು ವರ್ಷ ಕೊರಳಲ್ಲಿ ಟೇಪು ಹಾಕಿಕೊಂಡು ತಿರುಗಿದವನಿಗೆ ಅಳತೆಯೊಂದೇ ಒಲಿಯದೆ ಹೋದದ್ದು ಹಣೆಬರಹ ಎನ್ನಬೇಕು. ಆದರೂ ಊರು ಅವನ ಕೈಬಿಟ್ಟಿರಲಿಲ್ಲ. ಬಟ್ಟೆ ಕೆಟ್ಟರೆ ಗಿರಾಕಿಗಿಂತ ಮೊದಲು ಅವನ ಕಣ್ಣಲ್ಲೇ ನೀರು ಬರುತ್ತಿತ್ತು. ಅಂಥವನನ್ನು ಬೈಯುವುದಾದರೂ ಹೇಗೆ?

ಈ ಸಾತಪ್ಪನ ಹೊಲಿಗೆ ಯಂತ್ರದ ಮೋಟಾರು ಒಂದು ದಿನ ಸುಮ್ಮನಾಯಿತು. ರಿಪೇರಿಯವನನ್ನು ಹುಡುಕಿಕೊಂಡು ತಾಲೂಕಿನ ಪೇಟೆ ಜತ್ತಕ್ಕೆ ಹೋದರೆ ಅವನ ಅಂಗಡಿಗೆ ಬೀಗ. ಪಕ್ಕದ ಇಲೆಕ್ಟ್ರಿಕ್ ಸಾಮಾನಿನ ಅಂಗಡಿಯವನು ಅಂಗೈಯಗಲದ ಹಳದಿ ಮಲ್ಟಿಮೀಟರೊಂದನ್ನು ಮುಂದಿಟ್ಟ. ಅದಕ್ಕೆ ಕೆಂಪು ವೈರು ಒಂದು, ಕಪ್ಪು ವೈರು ಒಂದು, ಎರಡರ ತುದಿಗೂ ಚೂಪು ಕಡ್ಡಿ.

"ವಾಯರಿನ ಈ ತುದಿಗಿ ಒಂದು, ಆ ತುದಿಗಿ ಒಂದು ಹಚ್ರಿ. ಕುಂಯ್ ಅಂದ್ರ ವಾಯರ ಚಲೋ ಅದ. ಸುಮ್ಮನಾತು ಅಂದ್ರ ಒಳಗ ಕಡದದ. ಸಣ್ಣ ಹುಡುಗ್ರೂ ಮಾಡ್ತಾವ್ರಿ," ಎಂದ.

ಸಾತಪ್ಪ ತನ್ನ ಅಂಗಡಿಗೆ ಬಂದು ಹಚ್ಚಿದ. ಒಂದು ವೈರು ಕುಂಯ್ ಎಂದಿತು, ಇನ್ನೊಂದು ಎನ್ನಲಿಲ್ಲ. ಎನ್ನದ್ದನ್ನು ಬಿಚ್ಚಿ ನೋಡಿದರೆ ಇಲಿ ಕಡಿದಿತ್ತು. ಜೋಡಿಸಿದ, ಯಂತ್ರ ಓಡಿತು. ತನ್ನ ಕೈಯಿಂದ ಒಂದು ಅಳತೆ ಸರಿಯಾಗಿ ಬಂದದ್ದು ಅವನ ಜೀವಮಾನದಲ್ಲಿ ಅದೇ ಮೊದಲು. ಕಥೆ ಅಲ್ಲಿಗೇ ಮುಗಿದಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು. ಆದರೆ ಮರುದಿನ ಬೆಳಿಗ್ಗೆ ಸಾತಪ್ಪ ಟೇಪನ್ನು ಮೊಳೆಗೆ ತೂಗುಹಾಕಿ, ಮೀಟರನ್ನು ಕೊರಳಿಗೆ ಹಾಕಿಕೊಂಡ.

ಮೊದಲು ಪರೀಕ್ಷೆಗೆ ಸಿಕ್ಕಿದ್ದು ಅವನದೇ ಮನೆ. ರಬ್ಬರ್ ಚಪ್ಪಲಿ ಮೆಟ್ಟಿ, ಕಟ್ಟಿಗೆಯ ಸ್ಟೂಲಿನ ಮೇಲೆ ನಿಂತು, ಗೋಡೆಯ ಪ್ಲಗ್ಗಿನ ಎರಡು ತೂತಿಗೆ ಎರಡು ಕಡ್ಡಿ ಇಟ್ಟ. ಮೀಟರಿನ ಮೇಲೆ ಬರೀ ಒಂದು ಎಂಬ ಅಂಕಿ ಮೂಡಿತು.

"ಇಂದೂ, ಕೆಟ್ಟಿವಿ! ನಮ್ಮ ಮನ್ಯಾಗ ಒಂದ ವೋಲ್ಟ ಉಳದದ!"

ಅವನ ಹೆಂಡತಿ ಇಂದುಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಒಂದರಾಗ ಪಂಖಾ, ಟೀವಿ, ಮಿಕ್ಸರು ಎಲ್ಲಾ ನಡೀಲಾಕತ್ತಾವ ಅಂದ್ರ ಭಾಳ ಪುಣ್ಯೇದ ವೋಲ್ಟ ಅದು. ಅದಕ್ಕ ಕೈ ಹಚ್ಚಬ್ಯಾಡ್ರಿ. ಇಳೀರಿ ಕೆಳಗ," ಎಂದಳು.

ಎರಡು ದಿನ ಊಟ ಸೇರದೆ ಒದ್ದಾಡಿದ ಮೇಲೆ ಗುಟ್ಟು ತಿಳಿಯಿತು. ಮೀಟರಿನ ಗುಂಡಿಯನ್ನು ಅವನು ಇನ್ನೂರರ ಅಳತೆಗೆ ತಿರುಗಿಸಿಟ್ಟಿದ್ದ. ಮನೆಯ ಕರೆಂಟು ಅದಕ್ಕೂ ಹೆಚ್ಚಿದ್ದರಿಂದ ಮೀಟರು ತನ್ನ ಕೈಲಾಗದೆಂದು ಒಂದನ್ನು ತೋರಿಸಿ ಸುಮ್ಮನಾಗಿತ್ತು. ಮುಂದಿನ ಅಳತೆಗೆ ತಿರುಗಿಸಿದಾಗ ಇನ್ನೂರ ಇಪ್ಪತ್ತಾರು ಬಂತು. ಸಾತಪ್ಪ ಹಿಗ್ಗಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಬಾಗಿಲ ಚೌಕಟ್ಟಿನ ಮೇಲೆ 228 ಎಂದು ಬರೆದ. ಎರಡು ಹೆಚ್ಚು ಯಾಕೆ ಎಂದರೆ, ಬಟ್ಟೆಯಾದರೂ ತೊಳೆದ ಮೇಲೆ ಗಿಡ್ಡಾಗುತ್ತದೆ, ಕರೆಂಟು ಆಗುವುದಿಲ್ಲವೆಂದು ಹೇಳಲು ಬರುತ್ತದೆಯೆ? ದರ್ಜಿಯಾದವನು ಒಂದಿಷ್ಟು ಮಡಿಕೆ ಬಿಟ್ಟೇ ಅಳತೆ ಬರೆಯಬೇಕು.

ಆಮೇಲೆ ಓಣಿಯ ಮನೆಗಳ ಸರದಿ. ಮೊದಲು ಯಾರಿಗೂ ಇದು ಬೇಕಿರಲಿಲ್ಲ. ನಾಲ್ಕು ಬಾಗಿಲ ಮೇಲೆ ಅಂಕಿ ಬಿದ್ದದ್ದೇ ತಡ, ಐದನೆಯವರಿಗೆ ತಮ್ಮ ಬಾಗಿಲು ಬೋಳಾಗಿ ಕಾಣತೊಡಗಿತು. ಇನ್ನೂರ ಮೂವತ್ತು ದಾಟಿದವರು ಹೊಸಿಲಲ್ಲಿ ಕುಳಿತು ಹೋಗಿಬರುವವರನ್ನು ಕರೆದು ಮಾತಾಡಿಸಿದರು. ಇನ್ನೂರ ಇಪ್ಪತ್ತರ ಕೆಳಗಿನವರು ಬಾಗಿಲಿಗೆ ಮಾವಿನ ತೋರಣ ಕಟ್ಟಿ ಅಂಕಿಯನ್ನು ಮುಚ್ಚಿದರು. ಇನ್ನೂರ ಹತ್ತೊಂಬತ್ತು ಬಂದ ಮುರಗೆಪ್ಪನಂತೂ ಒಪ್ಪಲೇ ಇಲ್ಲ.

"ಇವತ್ತಿಂದು ಹಿಡೀಬ್ಯಾಡ. ಸೋಮವಾರ ಬಂದು ಅಳೀ. ಜಳಕಾ ಮಾಡಿ ಪೂಜಾ ಮುಗಿಸಿರ್ತೀವಿ," ಎಂದ.

ಇಷ್ಟರವರೆಗೂ ಇದು ಬರೀ ಆಟ. ಆಟ ಕೆಟ್ಟದ್ದು ಅಣ್ಣಾರಾಯ, ಸಿದ್ದಾರೂಢ ಎಂಬ ಅಣ್ಣತಮ್ಮಂದಿರ ಮನೆಯಲ್ಲಿ.

ಹತ್ತು ವರ್ಷದ ಹಿಂದೆ ಅವರ ಮನೆ ವಾಟಣಿಯಾಗಿ ನಡುವೆ ಗೋಡೆ ಎದ್ದಿತ್ತು. ಊರಿನ ಹಿರಿಯ ಪಂಚ ಅಮೋಘಸಿದ್ದಪ್ಪ ತಾನೇ ಕುಳಿತು ಪಾಲು ಮಾಡಿದ್ದ. ಅಂಥ ನ್ಯಾಯದ ವಾಟಣಿ ತಾಲೂಕಿನಲ್ಲೇ ಆಗಿಲ್ಲ ಎಂದು ಅವನೇ ಹೇಳಿಕೊಂಡು ತಿರುಗುತ್ತಿದ್ದ. ಹೊಲ ಸಮ, ದನ ಸಮ. ಬೀಸುವ ಕಲ್ಲಿನ ಮೇಲಿನ ಹೋಳು ಅಣ್ಣನಿಗೆ, ಕೆಳಗಿನ ಹೋಳು ತಮ್ಮನಿಗೆ. ಅಲ್ಲಿಗೆ ಎರಡು ಮನೆಯಲ್ಲೂ ಬೀಸುವುದು ನಿಂತುಹೋಗಿ, ಸಿದ್ದಾರೂಢ ತನ್ನ ಹಿತ್ತಿಲ ಕೋಣೆಯಲ್ಲಿ ಕರೆಂಟಿನ ಹಿಟ್ಟಿನ ಗಿರಣಿ ಹಾಕಬೇಕಾಯಿತು. ಬಾವಿಯನ್ನು ಮಾತ್ರ ಕಡಿಯಲು ಬರಲಿಲ್ಲ. ಅದಕ್ಕೆ ಪಾಳಿ ಹಚ್ಚಿದ್ದರು, ಒಂದು ದಿನ ಅಣ್ಣನ ಪಂಪು, ಒಂದು ದಿನ ತಮ್ಮನದು. ಇಷ್ಟೆಲ್ಲ ಆಗಿಯೂ ಇಬ್ಬರೂ ಒಬ್ಬರ ಮೇಲೊಬ್ಬರು ಜೀವ ಇಟ್ಟುಕೊಂಡಿದ್ದರು. ಸಾತಪ್ಪನ ಅಂಗಡಿ ಇದ್ದದ್ದು ಅವರ ಮುಂಬಾಗಿಲ ಕೋಣೆಯಲ್ಲಿ, ಗೋಡೆ ಮುಗಿಯುವ ಕಡೆ. ಅವನಿಗೆ ಬೆಳಗಿನ ಚಹಾ ಅಣ್ಣನ ಮನೆಯಿಂದ, ಸಂಜೆಯ ಚಹಾ ತಮ್ಮನ ಮನೆಯಿಂದ ಬರುತ್ತಿತ್ತು.

ಅಣ್ಣಾರಾಯನ ಮಗಳು ವಿದ್ಯಾವತಿಯ ಮದುವೆಗೆ ಹತ್ತು ದಿನ ಉಳಿದಿತ್ತು. ಆ ಮನೆತನದಲ್ಲಿ ಮದುವೆಯ ಹಂದರದ ಮೊದಲ ಕಂಬವನ್ನು ಕಾಕಾನೇ ನೆಡಬೇಕು. ಸಿದ್ದಾರೂಢ ಕಂಬ ಆರಿಸಿ ತಂದು, ಕೆತ್ತಿಸಿ, ತನ್ನ ಅಂಗಳದಲ್ಲಿ ಒರಗಿಸಿಟ್ಟಿದ್ದ.

ಮದುವೆ ಮನೆಗೆ ಒಂದು ಒಳ್ಳೆಯ ಅಂಕಿ ಇರಲಿ ಎಂದು ಸಾತಪ್ಪ ಬೆಳಿಗ್ಗೆ ಅಣ್ಣಾರಾಯನ ಮನೆ ಅಳೆದು 231 ಎಂದು ಬರೆದ. ಮಧ್ಯಾಹ್ನ ಸಿದ್ದಾರೂಢನ ಮನೆಗೆ ಹೋದ. ಒಳಗೆ ಗಿರಣಿ ಗಡಗಡ ಎನ್ನುತ್ತಿತ್ತು. ಒಬ್ಬರ ಮಾತು ಒಬ್ಬರಿಗೆ ಕೇಳದೆ ಕೈಸನ್ನೆಯಲ್ಲೇ ಕೆಲಸ ಸಾಗಿತು. ಮೀಟರು ನೋಡಿ ಸಾತಪ್ಪ ಕಣ್ಣುಜ್ಜಿಕೊಂಡ. ಎರಡು ಸೇರಿಸಿದರೂ 203 ಆಯಿತು. ಹೊರಗೆ ಬಂದು ಬರೆದ.

ಸಿದ್ದಾರೂಢ ಕೈ ಒರೆಸಿಕೊಳ್ಳುತ್ತ ಬಂದು ತನ್ನ ಬಾಗಿಲು ನೋಡಿದ, ಅಣ್ಣನ ಬಾಗಿಲು ನೋಡಿದ. "ಇಪ್ಪತ್ತೆಂಟ ಕಡಿಮಿ! ಕರೆಂಟಿನ ಕಂಬ ಒಂದ ಅದ, ವಾಯರ ಒಂದ ಕಂಬದ್ದು. ನನ್ನ ಇಪ್ಪತ್ತೆಂಟು ಎಲ್ಲಿ ಹೋದುವೋ ಸಾತಪ್ಪ?"

ಗೊತ್ತಿಲ್ಲ ಎಂದು ಹೇಳಿದ್ದರೆ ಸಾಕಿತ್ತು. ಆದರೆ ಕೊರಳಲ್ಲಿ ಮೀಟರು ಇರುವವನು ಗೊತ್ತಿಲ್ಲ ಎನ್ನುವುದು ಹೇಗೆ?

"ಊಟದ ಪಂಗತಿ ಇದ್ದಂಗರಿ ಇದು. ಕಂಬದಿಂದ ಅಣ್ಣಾರ ಮನಿ ಮೊದಲ, ನಿಮ್ಮದು ಆಮ್ಯಾಲ. ಮೊದಲ ಕುಂತಾವ್ರು ಬೇಕಾದಷ್ಟು ಬಡಿಸ್ಕೋತಾರ, ಕಡೀಕ ಕುಂತಾವ್ರಿಗಿ ಉಳದದ್ದು," ಎಂದ.

ಮರುದಿನ ಸಂಜೆ ಅಮೋಘಸಿದ್ದಪ್ಪ ಬಂದು ಸಿದ್ದಾರೂಢನ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕುಳಿತ. ಪಂಚರ ಮಾತು ಎಲ್ಲರಿಗೂ ಕೇಳಲೆಂದು ಗಿರಣಿ ನಿಲ್ಲಿಸಿದರು. ಮುದುಕ ಎರಡೂ ಅಂಕಿಗಳನ್ನು ಓದಿಸಿಕೊಂಡ.

"ತಪ್ಪು ನಂದು. ವಾಟಣಿ ಮಾಡೂವಾಗ ಕರೆಂಟ ಮರ್ತಬಿಟ್ಟೆ. ಈಗ ಹಚ್ಚೂಣು ಬಾವಿಗಿ ಹಚ್ಚಿದಂಗ ಪಾಳಿ. ಅಣ್ಣಾರಾಯ ದಿನಾ ಆರ ತಾಸು ಮೇನ್ ಸ್ವಿಚ್ ಬಂದ್ ಮಾಡ್ಲಿ. ಅಂವ ಎತ್ತಲಿಲ್ಲಂದ್ರ ತಮ್ಮಗ ಬರ್ತದ," ಎಂದ.

"ಮದುವಿ ಮನ್ಯಾಗ ಆರ ತಾಸು ಪಂಖಾ ಇಲ್ದ ಕುಂದ್ರೂದೇನ್ರಿ? ಬೀಗರು ಬಂದ್ರ ಬೀಸಣಿಕಿ ಕೊಡ್ಲೇನು?" ಎಂದ ಅಣ್ಣಾರಾಯ. ಅವನಿಗೆ ಇನ್ನೂ ನಗುವೇ ಬರುತ್ತಿತ್ತು.

"ಒಮ್ಮಿ ಬಂದ್ ಮಾಡಿ ನೋಡೂಣಲ್ಲ. ಸುಳ್ಳು ಖರೇ ತಿಳೀತದ."

ಅಣ್ಣಾರಾಯನ ಹೆಂಡತಿ ರುಕ್ಮವ್ವ ಹೋಗಿ ಮೇನ್ ಸ್ವಿಚ್ ಆರಿಸಿ ಬಂದಳು. ಸಾತಪ್ಪ ಸಿದ್ದಾರೂಢನ ಪ್ಲಗ್ಗಿಗೆ ಕಡ್ಡಿ ಇಟ್ಟ. ಸುತ್ತ ಇಡೀ ಓಣಿ ಉಸಿರು ಹಿಡಿದು ನಿಂತಿತ್ತು.

"ಎರಡನೂರಾ ಇಪ್ಪತ್ತೊಂಬತ್ತು!"

"ಬಂತಲ್ಲ! ಅಣ್ಣ ಬಿಟ್ಟಾ, ತಮ್ಮಗ ಬಂತು!" ಎಂದು ಅಮೋಘಸಿದ್ದಪ್ಪ ತೊಡೆ ತಟ್ಟಿದ. ಮುರಗೆಪ್ಪ ಗುಂಪಿನ ಹಿಂದಿನಿಂದ, "ಹತ್ತ ವರ್ಷದಿಂದ ಹಿಂಗ ನಡದದ ಅಂದಂಗಾತು," ಎಂದ. ತನಗೆ ಕಡಿಮೆ ಬಿದ್ದ ವೋಲ್ಟನ್ನು ಯಾರು ತಿಂದರೆಂದು ಅವನು ಆಗಲೇ ಅಕ್ಕಪಕ್ಕದವರನ್ನು ನೋಡತೊಡಗಿದ್ದ.

ಅಣ್ಣಾರಾಯನ ಮುಖದ ನಗು ಆರಿತು. "ಅಂದ್ರ ನಾ ಕಳ್ಳೇನೋ ಸಿದ್ದು?" ಎಂದು ಕೇಳಿದ.

ಸಿದ್ದಾರೂಢ ಇಲ್ಲ ಎನ್ನಬೇಕಾಗಿತ್ತು. ಎನ್ನಲು ಬಾಯಿಯನ್ನೂ ತೆರೆದ. ಆದರೆ ಇಡೀ ಓಣಿ ನೋಡುತ್ತಿತ್ತು, ಅದರ ಮೇಲೆ ಮೀಟರು ಬೇರೆ. "ನಾ ಹಂಗ ಅಂದಿಲ್ಲ. ಮೀಟರ ಅನ್ಲಾಕತ್ತದ," ಎಂದುಬಿಟ್ಟ.

ಅಷ್ಟೇ. ಅಣ್ಣಾರಾಯ ಎದ್ದು, ಇನ್ನು ಮುಂದೆ ತನ್ನ ಮನೆಯ ಒಂದು ಕಾಳೂ ಆ ಗಿರಣಿಗೆ ಹೋಗಬಾರದು, ಮದುವೆಯ ಹಿಟ್ಟೆಲ್ಲ ಜತ್ತದಲ್ಲೇ ಬೀಸಿ ಬರಲಿ ಎಂದು ರುಕ್ಮವ್ವನಿಗೆ ತಾಕೀತು ಮಾಡಿ ಹೋದ. ಸಿದ್ದಾರೂಢ ಹಂದರದ ಕಂಬವನ್ನು ಗೋಡೆಯಿಂದ ತೆಗೆದು ನೆಲಕ್ಕೆ ಕೆಡವಿದ. "ಕಳ್ಳ ಅನ್ನಿಸ್ಕೊಂಡಾವ್ರ ಹಂದರಕ್ಕ ಕಂಬ ನೆಡೂದು ನಮ್ಮಂಥಾ ಬಡವೋಲ್ಟಿನಾವ್ರ ಕೆಲಸ ಅಲ್ಲ," ಎಂದ.

ಅಲ್ಲಿಂದ ಸಾತಪ್ಪನಿಗೆ ಬೆಳಗಿನ ಚಹಾ ನಿಂತಿತು, ಸಂಜೆಯದೂ ನಿಂತಿತು. ಮನೆಯಲ್ಲಿ ಇಂದುಬಾಯಿ ಚಹಾ ಕೊಟ್ಟಳಾದರೂ ಸಕ್ಕರೆ ಹಾಕಲಿಲ್ಲ. ಓಣಿಯವರು ಮಾತ್ರ ಬಿಡದೆ ಬಂದು, ನಮ್ಮದನ್ನು ತಿನ್ನುವವರು ಯಾರೆಂದು ಅಳೆದು ಹೇಳು ಎಂದು ಪೀಡಿಸಿದರು. ಸಾತಪ್ಪ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಒಳಗೆ ಕುಳಿತ.

ಮದುವೆಗೆ ಐದು ದಿನ ಇದ್ದಾಗ ಆ ಅರ್ಧ ಬಾಗಿಲಿನಿಂದ ವಿದ್ಯಾವತಿ ಒಳಗೆ ಬಂದಳು. ಅವಳ ಕುಬಸದ ಅಳತೆ ಇನ್ನೂ ಆಗಿರಲಿಲ್ಲ. ಸಾತಪ್ಪ ಮೊಳೆಯ ಮೇಲಿನ ಟೇಪು ತೆಗೆದುಕೊಂಡ.

"ಟೇಪ ಬ್ಯಾಡ ಮಾಮಾ. ಮೀಟರ ತಗೋರಿ. ನಮ್ಮ ಕಾಕಾಗ ನನ್ನ ಮ್ಯಾಲ ಎಷ್ಟ ಸಿಟ್ಟ ಅದ ಅಂತ ಅಳದ ಹೇಳ್ರಿ," ಎಂದಳು ಹುಡುಗಿ. "ನಾ ಸಣ್ಣಾಕಿ ಇದ್ದಾಗಿಂದ ಹೇಳ್ತಿದ್ದ, ನಿನ್ನ ಹಂದರದ ಕಂಬ ನಾನ ನೆಡಾಂವ ಅಂತ. ನಿನ್ನಿ ಎದುರಿಗಿ ಬಂದ್ರ ಮಾರಿ ಆ ಕಡೆ ಮಾಡ್ಕೊಂಡ ಹೋದ. ಕಾಕಾ ಬರಲಿಲ್ಲಂದ್ರ ನಾ ಆ ಹಂದರದಾಗ ಹ್ಯಾಂಗ ಕುಂದರ್ಲಿ ಹೇಳ್ರಿ."

ಅವಳು ಅಳಲಿಲ್ಲ. ಸಾತಪ್ಪನೇ ಅತ್ತ. ಅವಳ ಹುಟ್ಟಿದ ಹಬ್ಬದ ಮೊದಲ ಫ್ರಾಕು ಹೊಲಿದವನು ಅವನೇ. ಅದು ಅವಳಿಗೆ ಸರಿಯಾಗಿ ಕೂತದ್ದು ಎರಡು ವರ್ಷದ ಮೇಲೆ. ಅಂಥ ಹುಡುಗಿಯ ಮದುವೆಯನ್ನು ತಾನೇ ಕತ್ತರಿಸಿ ಹಾಳು ಮಾಡಿದೆನಲ್ಲ ಎಂದುಕೊಂಡ. ಮೀಟರು ಕೊರಳಿಗೆ ಹಾಕಿಕೊಂಡು ಸೈಕಲ್ ಹತ್ತಿದ.

ಆ ಭಾಗದ ಲೈನು ನೋಡುವವಳು ಸ್ವಪ್ನಾಲಿ. ಐಟಿಐ ಕಲಿತು, ಪ್ಯಾಂಟು ಹಾಕಿ, ಸರಸರ ಕಂಬ ಏರುವ ಹುಡುಗಿ. ಜನ ಅವಳನ್ನು ವಾಯರಮನ್ ಬಾಯಿ ಎಂದು ಕರೆಯುತ್ತಿದ್ದರು. ಪಕ್ಕದೂರು ಬೆಳುಂಕಿಯ ದಾರಿಯಲ್ಲಿ ಟ್ರಾನ್ಸ್‌ಫಾರ್ಮರಿನ ಆಚೆ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿ ಕುಳಿತಿದ್ದ ಅವಳ ಮುಂದೆ ಸಾತಪ್ಪ ಎಲ್ಲವನ್ನೂ ಹೇಳಿದ. ಪಂಗತಿ, ಪಾಳಿ, ಕಡಿಮೆ ಬಿದ್ದ ಇಪ್ಪತ್ತೆಂಟು, ಆಮೇಲೆ ಬಂದ ಇನ್ನೂರ ಇಪ್ಪತ್ತೊಂಬತ್ತು.

"ಮಾಮಾ, ಅಣ್ಣನ ಮನಿ ಅಳದಾಗ ಏನೇನ ಚಾಲೂ ಇತ್ತು?" ಎಂದು ಕೇಳಿದಳು.

"ಒಂದ ಪಂಖಾ."

"ತಮ್ಮನ ಮನ್ಯಾಗ?"

"ಅದೇನ ಗೊತ್ತಾಗಲಿಲ್ಲವ್ವ. ಗದ್ದಲ ಭಾಳ ಇತ್ತು."

"ಎದರ ಗದ್ದಲ?"

"ಗಿರಣೀದು."

ಸ್ವಪ್ನಾಲಿ ನಕ್ಕ ರಭಸಕ್ಕೆ ತುತ್ತು ಗಂಟಲಲ್ಲಿ ಸಿಕ್ಕಿತು. ನೀರು ಕುಡಿದು ಸುಧಾರಿಸಿಕೊಂಡು, "ನಿಮ್ಮ ಕಡಿ ಗಿರಾಕಿ ಬರ್ತಾನ. ತಲಿ ಮ್ಯಾಲ ಜ್ವಾಳದ ಚೀಲ ಹೊತ್ತ ನಿಂತಾನ. ಹಂಗ ಅಂಗಿ ಅಳತಿ ತಗೋತೀರೇನು?" ಎಂದಳು.

"ಯವ್ವಾ, ಇಲ್ಲ. ಚೀಲ ಇಳಸು ಅಂತೀನಿ. ಇಲ್ಲಂದ್ರ ಮನಶ್ಯಾ ಕುಗ್ಗಿರ್ತಾನಲ್ಲ."

"ಆ ಮನಿ ಚೀಲ ಹೊತ್ತ ನಿಂತಿತ್ತು. ನೀವು ಹಂಗ ಅಳದ್ರಿ. ಕಂಬದಿಂದ ಆ ಮನೀಗಿ ಬರೂ ವಾಯರ ಬಾರೀಕ ಅದ, ನೂಲಿನಂಗ. ಗಿರಣಿ ಎಳದಾಗ ವೋಲ್ಟೇಜ್ ಕುಗ್ಗತದ. ಪಂಚರು ಬಂದಾಗ ಗಿರಣಿ ಬಂದ್ ಇತ್ತು, ಮ್ಯಾಲ ಬಂತು. ಅಣ್ಣನ ಸ್ವಿಚ್ಚಿಗೂ ಇದಕ್ಕೂ ಏನೂ ಸಂಬಂಧ ಇಲ್ಲ."

ಸಾತಪ್ಪ ತಲೆಯ ಮೇಲೆ ಕೈ ಹೊತ್ತುಕೊಂಡ. ಆಮೇಲೆ ಅದೇ ಕೈಯಿಂದ ಅವಳ ಬುತ್ತಿ ಕಟ್ಟಿ, "ನಡಿ ನಮ್ಮವ್ವ. ಇದನ್ನ ನಾ ಹೇಳಿದ್ರ ನಾಯೀನೂ ನಂಬಂಗಿಲ್ಲ," ಎಂದ.

ಅರ್ಧ ತಾಸಿನಲ್ಲಿ ಇಬ್ಬರು ಅಣ್ಣತಮ್ಮಂದಿರೂ, ಪಂಚನೂ ಸಿದ್ದಾರೂಢನ ಹಿತ್ತಿಲ ಕೋಣೆಯಲ್ಲಿ ಸೇರಿದರು. ಅಣ್ಣಾರಾಯ ಒಳಗೆ ಬರದೆ ಹೊಸಿಲ ಮೇಲೆ ನಿಂತ. ಅವನ ಹಿಂದೆ ರುಕ್ಮವ್ವ, ಯಾಕೋ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ಗಿರಣಿ ಚಾಲೂ ಮಾಡ್ರಿ ಕಾಕಾ," ಎಂದಳು ಸ್ವಪ್ನಾಲಿ.

"ಇವತ್ತ ಆಗಂಗಿಲ್ಲವ್ವ. ಗಿರಣಿ ಕೆಟ್ಟದ. ನಾಕ ದಿನಾ ಆತು," ಎಂದ ಸಿದ್ದಾರೂಢ.

ಸ್ವಪ್ನಾಲಿ ಮೋಟಾರಿನ ಮೇಲೆ ಅಂಗೈ ಇಟ್ಟಳು. "ಬೆಚ್ಚಗದಲ್ಲ? ಈಗ ನಿಲ್ಸಿದಂಗ ಅದ."

"ಬ್ಯಾಸಗಿ ಬಿಸಲಿಗಿ ಕಾದಿರ್ಬೇಕು."

"ಹಾಕೂದಕ್ಕ ಕಾಳ ಇಲ್ಲೇನು? ಇಲ್ಲಿ ಅದಾವಲ್ಲ," ಎಂದು ಅವಳು ಮೂಲೆಯಲ್ಲಿದ್ದ ಗೋಣಿತಟ್ಟು ಎಳೆದಳು. ರುಕ್ಮವ್ವ ಕೆಮ್ಮಿದಳು, ಆದರೆ ಕೆಮ್ಮುವುದು ತಡವಾಗಿತ್ತು. ಕೆಳಗೆ ಮೂರು ಡಬ್ಬ ಕಡಲೆಬೇಳೆ, ಮೂರು ಡಬ್ಬ ಬೀಸಿದ ಹಿಟ್ಟು. ಆರರ ಮೇಲೂ ಕೆಂಪು ಬಣ್ಣದಲ್ಲಿ ಅಣ್ಣಾರಾಯ ಎಂದು ಬರೆದಿತ್ತು.

ಅಣ್ಣಾರಾಯ ಹೆಂಡತಿಯ ಕಡೆ ತಿರುಗಿದ. "ಜತ್ತಕ್ಕ ಕಳಸ್ಲಾಕತ್ತೀನಿ ಅಂದಿದ್ದಿ?"

"ಜತ್ತದಾಗಿನಾವ್ರು ಹಿಟ್ಟ ಕದೀತಾರ. ಅದಕ್ಕ ಹಿತ್ತಲ ಬಾಗಿಲಲೆ ಇಲ್ಲಿ ಇಡ್ತಿದ್ದೆ," ಎಂದಳು ರುಕ್ಮವ್ವ. ಒಮ್ಮೆ ಬಾಯಿ ತೆರೆದ ಮೇಲೆ ಅವಳಿಗೆ ಧೈರ್ಯ ಬಂತು. "ನಿಮ್ಮ ಜಗಳ ನಿಮ್ಮದು. ಉಂಡಿ ನನ್ನ ಮಗಳ ಮದುವೀವು. ಮೈದುನ ಒಂದ ಮಾತ ಅನ್ನಲಿಲ್ಲ. ದಿನಾ ಬೀಸಿ ಮತ್ತ ಅಲ್ಲೇ ಇಡ್ತಿದ್ದ."

ಸಿದ್ದಾರೂಢ ಸಿಕ್ಕಿಬಿದ್ದ ಕಳ್ಳನ ಹಾಗೆ ನೆಲ ನೋಡುತ್ತ ನಿಂತಿದ್ದ. ಸ್ವಪ್ನಾಲಿಯೇ ಒಂದು ಡಬ್ಬ ಬೇಳೆಯನ್ನು ಗಿರಣಿಯ ಬಾಯಿಗೆ ಸುರಿದು ಸ್ವಿಚ್ ಹಾಕಿದಳು. ಗಿರಣಿ ಗಡಗಡ ಎಂದಿತು. ಸಾತಪ್ಪ ಪ್ಲಗ್ಗಿಗೆ ಕಡ್ಡಿ ಇಟ್ಟು ಎಲ್ಲರಿಗೂ ಕಾಣುವಂತೆ ಮೀಟರು ಎತ್ತಿ ಹಿಡಿದ. ಅಣ್ಣನ ಮನೆಯ ಮೇನ್ ಸ್ವಿಚ್ ಹಾಕಿದರೂ ಇನ್ನೂರ ಒಂದು, ತೆಗೆದರೂ ಇನ್ನೂರ ಒಂದು. ಗಿರಣಿ ನಿಲ್ಲಿಸಿದ ಕೂಡಲೇ ಅಂಕಿ ಇನ್ನೂರ ಇಪ್ಪತ್ತೊಂಬತ್ತಕ್ಕೆ ಏರಿತು. ಈ ಸಲ ಸಾತಪ್ಪ ಒಂದು ಅಂಕಿಯನ್ನೂ ಹೆಚ್ಚು ಹೇಳಲಿಲ್ಲ. ಅಮೋಘಸಿದ್ದಪ್ಪ ಮೂರು ಸಲ ನೋಡಿ, ಬಾವಿಯಲ್ಲಿ ಹೀಗೆಂದೂ ಆಗಿಲ್ಲ ಎಂದು ಗೊಣಗಿದ.

ಅಣ್ಣಾರಾಯ ಹೊಸಿಲು ದಾಟಿ ಒಳಗೆ ಬಂದ. "ಸಾತಪ್ಪ ಮೊದಲನೇ ದಿನ ಅಳದಾಗ ಗಿರಣ್ಯಾಗ ಏನ ಇತ್ತು?" ಎಂದು ಕೇಳಿದ.

"ಇದ ಕಡಲಿಬ್ಯಾಳಿ," ಎಂದ ಸಿದ್ದಾರೂಢ.

"ಅಂದ್ರ ನಿನ್ನ ಇಪ್ಪತ್ತೆಂಟು ನಮ್ಮ ಮನೀಗೇ ಬಂದಾವ. ಹಿಟ್ಟಾಗಿ ಬಂದಾವ."

"ಬರ್ಲಿ ಬಿಡು. ತಪ್ಪಾತಣ್ಣಾ. ಆವತ್ತು ಇಲ್ಲ ಅನ್ಲಾಕ ಬಾಯಿ ತಗದಿದ್ದೆ. ಮಂದಿ ನೋಡ್ಲಾಕತ್ತಿದ್ರು."

ಅಣ್ಣಾರಾಯ ಡಬ್ಬಕ್ಕೆ ಕೈ ಹಾಕಿ ಚಿಟಿಕೆ ಹಿಟ್ಟು ತೆಗೆದು ಬೆರಳಲ್ಲಿ ತಿಕ್ಕಿದ.

"ಇಷ್ಟ ಸಣ್ಣ ಬೀಸ್ತಾರೇನೋ? ಉಂಡಿ ಹಿಟ್ಟು ರವಾ ರವಾ ಇರ್ಬೇಕು."

"ಗಿರಣಿ ಮಾಲಕ ನಾನೋ ನೀನೋ?"

"ಮದುವಿ ಹುಡಿಗಿ ಅಪ್ಪ ನಾನು!"

ಜಗಳ ಹಿಟ್ಟಿಗೆ ಇಳಿದದ್ದು ಕಂಡು ರುಕ್ಮವ್ವ ನಿಟ್ಟುಸಿರು ಬಿಟ್ಟು ಚಹಾಕ್ಕೆ ಇಡಲು ಹೋದಳು. ಉಳಿದ ಬೇಳೆಯನ್ನು ಸುರಿಯುತ್ತ, ಅಣ್ಣನ ಮುಖ ನೋಡದೆ ಸಿದ್ದಾರೂಢ ಮೆಲ್ಲಗೆ ಕೇಳಿದ.

"ಹಂದರಕ್ಕ ಎಷ್ಟ ಗಂಟೀಗಿ ಬರ್ಲಿ?"

"ಹಂಗಂದ್ರ? ನಿನ್ನ ಮನಿ ಮದುವಿಗಿ ನಿನಗ ನಾ ಯಾಳೆ ಹೇಳ್ಬೇಕೇನೋ?" ಎಂದು ಅಣ್ಣಾರಾಯ ರೇಗಿದ. "ಗಂಟೀ ನೀ ಹೇಳು. ನಾವು ಬಂದು ನಿಂದರ್ತೀವಿ."